ಸ್ಪಾರ್ಕ್ ಪ್ಲಗ್ ಬದಲಾವಣೆ: ಮನೆಯಲ್ಲೇ ಕೈ ಹಾಕಬಹುದೇ?

ಪ್ರಶ್ನೆ: ನಾವು ಅವಿನಾಶಿಯಲ್ಲಿ ನೆಲೆಸಿರುವ ಕನ್ನಡದವರು. ಹೆಂಡತಿಯ ತವರು ಚಾಮರಾಜನಗರ. ನಮ್ಮ ಪೆಟ್ರೋಲ್ ಕಾರು ತಿರುಪ್ಪೂರಿಗೆ ಹೋಗಿಬರುವಾಗ ಚೆನ್ನಾಗಿಯೇ ಓಡುತ್ತದೆ. ತವರಿಗೆ ಹೋಗುವ ದಾರಿಯ ದಿಂಬಂ ಘಾಟಿ ಹತ್ತುವಾಗ ಮಾತ್ರ ಮಿಸ್ ಹೊಡೆಯುತ್ತದೆ. ಹೋದ ಸಲ ಚೆಕ್ ಎಂಜಿನ್ ದೀಪವೂ ಮಿಣುಕಿತು. ಮಕ್ಕಳಿರುವಾಗ ಕಾಡಿನ ನಡುವೆ ಗಾಡಿ ನಿಂತರೆ ಏನು ಗತಿ? ಎಂಜಿನ್ನೇ ಹಾಳಾಗಿದೆಯೇ?
– ಓದುಗರು, ಅವಿನಾಶಿ

ಉತ್ತರ: ಸತ್ಯಮಂಗಲದ ಹುಲಿ ಕಾಡು, 27 ಹೇರ್‌ಪಿನ್ ತಿರುವು, ಹಿಂದೆ ಲಾರಿಗಳ ಸಾಲು. ಅಲ್ಲಿ ಗಾಡಿ ಮುಗ್ಗರಿಸಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಧೈರ್ಯವಾಗಿರಿ. ನೀವು ಬರೆದ ಲಕ್ಷಣ ನೋಡಿದರೆ ಮೊದಲು ಅನುಮಾನಿಸಬೇಕಾದದ್ದು ಎಂಜಿನ್ನನ್ನಲ್ಲ, ಪ್ಲಗ್ಗು ಮತ್ತು ಕಾಯಿಲನ್ನು.

ಇಗ್ನಿಷನ್ ಕಾಯಿಲ್ (ಬ್ಯಾಟರಿಯ 12 ವೋಲ್ಟನ್ನು ಹಲವು ಸಾವಿರ ವೋಲ್ಟಿಗೆ ಏರಿಸುವ ಸುರುಳಿ) ಪ್ಲಗ್ಗಿಗೆ ವಿದ್ಯುತ್ ಕೊಡುತ್ತದೆ. ಪ್ಲಗ್ಗಿನ ತುದಿಯಲ್ಲಿ ಸುಮಾರು 1 ಮಿ.ಮೀ. ಗ್ಯಾಪ್ ಇರುತ್ತದೆ. ಕಿಡಿ ಅದನ್ನು ಹಾರಿ ದಾಟಬೇಕು. ಸಮತಟ್ಟು ರಸ್ತೆಯಲ್ಲಿ ಇದು ಸುಲಭ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಏರಿ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದ ಪ್ಲಗ್ಗಿನ ಗ್ಯಾಪ್ ಅಗಲವಾಗಿರುತ್ತದೆ, ಸೋತ ಕಾಯಿಲ್ ಅಷ್ಟು ಶಕ್ತಿ ಕೊಡಲಾರದು. ತಿರುಪ್ಪೂರಿನ ದಾರಿಯಲ್ಲಿ ಕಾಣದ ದೋಷ ದಿಂಬಂನಲ್ಲಿ ಕಾಣುವುದು ಅದಕ್ಕೇ.

ದೀಪ ಮಿಣುಕುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆಯ ವಿಷ ತಗ್ಗಿಸುವ ಭಾಗ) ಸೇರಿ ಅದನ್ನು ಸುಡಬಹುದು. ಅದು ದುಬಾರಿ ಭಾಗ. ಪುಳಿಯಂಪಟ್ಟಿ, ಸತ್ಯಮಂಗಲ ದಾಟುವಷ್ಟರಲ್ಲಿ ಗಾಡಿ ಮಿಸ್ ಹೊಡೆಯಲು ಶುರುವಾದರೆ ಘಾಟಿಯ ಬುಡದ ಬಣ್ಣಾರಿಯಿಂದ ಮೇಲೆ ಹತ್ತಲೇಬೇಡಿ, ಹಿಂತಿರುಗಿ.

ಪ್ರಶ್ನೆ: ಪ್ಲಗ್ ನಾನೇ ಬದಲಾಯಿಸಬೇಕೆಂದಿದ್ದೇನೆ. ಆದರೆ ಶಾಕ್ ಹೊಡೆದೀತೇ, ಥ್ರೆಡ್ (ತಿರುಪಿನ ಗೀರು) ಕಿತ್ತು ಹೋದೀತೇ ಎಂಬ ಅಂಜಿಕೆ.
– ಓದುಗರು, ಕೊಯಮತ್ತೂರು

ಉತ್ತರ: ನಿಮ್ಮ ಎರಡು ಅಂಜಿಕೆಗೂ ಅರ್ಥವಿದೆ, ಎರಡಕ್ಕೂ ಉಪಾಯವಿದೆ. ಎಂಜಿನ್ ಓಡುತ್ತಿರುವಾಗ ಕಾಯಿಲ್ ಮುಟ್ಟಿದರೆ ಶಾಕ್ ಹೊಡೆಯಬಹುದೆಂಬುದು ನಿಜ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರೆ ಆ ಭಯವಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಎಂಜಿನ್ ಓಡುವಾಗ ಬಾನೆಟ್ ಬಳಿ ಬಾರದಿರಲಿ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೈ ಹಾಕುವುದು ಉತ್ತಮ. ಅಲ್ಯುಮಿನಿಯಂ ಹೆಡ್ ಬಿಸಿಯಿರುವಾಗ ಪ್ಲಗ್ ತಿರುಗಿಸಿದರೆ ಥ್ರೆಡ್ ಕೆಡುತ್ತದೆ. ಒಂದೊಂದೇ ಸಿಲಿಂಡರಿನ ಕೆಲಸ ಮುಗಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿ ಹರಡಬೇಡಿ.

ಕಾಯಿಲಿನ ಕನೆಕ್ಟರ್ ಲಾಕನ್ನು ಮೆಲ್ಲಗೆ ಒತ್ತಿ ತೆಗೆಯಿರಿ. ಬಿಸಿಗೆ ಒಣಗಿದ ಪ್ಲಾಸ್ಟಿಕ್ ಬೇಗ ಮುರಿಯುತ್ತದೆ. ಬೋಲ್ಟ್ ಬಿಚ್ಚಿ ಕಾಯಿಲನ್ನು ಅತ್ತಿತ್ತ ಸ್ವಲ್ಪ ತಿರುಗಿಸಿ, ಆಮೇಲೆ ಎಳೆಯಿರಿ. ಪ್ಲಗ್ ಕೂತ ಕುಳಿಯ ಧೂಳನ್ನು ಗಾಳಿ ಹೊಡೆದು ತೆಗೆದ ಮೇಲೆಯೇ ಪ್ಲಗ್ ಬಿಚ್ಚಬೇಕು. ಇಲ್ಲದಿದ್ದರೆ ಕಸ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ಬಿಗಿಯಾಗಿ ಕೂತಿದ್ದರೆ ಬಲ ಪ್ರಯೋಗಿಸದೆ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ ಕೈಗೆ ಒಪ್ಪಿಸಿ. ಅದರಲ್ಲಿ ನಾಚಿಕೆಯೇನಿಲ್ಲ.

ಹೊಸ ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಬೆರಳಲ್ಲೇ ತಿರುಗಿಸಿ ಕೂರಿಸಿ. ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಗೀರು ಗೀರಿಗೆ ಕೂಡಿಕೊಂಡದ್ದು ಕೈಗೆ ತಿಳಿಯುತ್ತದೆ. ಶೀಶೆಯ ಮುಚ್ಚಳ ಅಡ್ಡಕ್ಕೆ ಕೂತಾಗ ಹೇಗೆ ಬಿಗಿಯುತ್ತದೋ ಹಾಗೆ ಪ್ಲಗ್ ಬಿಗಿದರೆ ಪೈಪು ತಾನಾಗಿ ಜಾರುತ್ತದೆ. ಆಗ ಬಿಚ್ಚಿ ಮತ್ತೆ ಶುರು ಮಾಡಿ. ಸ್ಪ್ಯಾನರ್ ಹಿಡಿಯುವುದು ಕೈ ಬಿಗಿ ಮುಗಿದ ಮೇಲೆ. ವಾಷರ್ ಇರುವ ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು ಸಾಕು. ವಾಷರ್ ಇಲ್ಲದ, ಬುಡ ಓರೆಯಾಗಿರುವ ಪ್ಲಗ್ಗಿಗೆ ಸುತ್ತಿನ ಹದಿನಾರರಲ್ಲಿ ಒಂದು ಭಾಗ ಅಷ್ಟೇ. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇದ್ದರೆ ಕಾರಿನ ಕೈಪಿಡಿಯ ಅಂಕಿಯನ್ನೇ ಪಾಲಿಸಿ. ಇರಿಡಿಯಂ ಪ್ಲಗ್ಗಿನ ಸಣ್ಣ ಮೊನೆಯನ್ನು ಉಜ್ಜಬೇಡಿ, ಬಗ್ಗಿಸಬೇಡಿ.

ಪ್ರಶ್ನೆ: ಒಂದು ಕಾಯಿಲ್ ಹೋಗಿದೆ, ನಾಲ್ಕನ್ನೂ ಬದಲಾಯಿಸಿ ಎನ್ನುತ್ತಾರೆ ಮೆಕ್ಯಾನಿಕ್. ಅಷ್ಟು ಹಣ ಹಾಕಬೇಕೇ? ಯಾವುದು ಹೋಗಿದೆ ಎಂದು ತಿಳಿಯುವುದು ಹೇಗೆ?
– ಓದುಗರು, ತಿರುಪ್ಪೂರು

ಉತ್ತರ: ಆತುರಪಟ್ಟು ಹಣ ಸುರಿಯಬೇಡಿ. ಪ್ಲಗ್ಗುಗಳನ್ನು ಒಟ್ಟಿಗೆ ಬದಲಾಯಿಸುವುದು ಸರಿ, ಅವು ಒಂದೇ ಸಮ ಸವೆಯುತ್ತವೆ. ಕಾಯಿಲ್‌ಗಳ ವಿಷಯದಲ್ಲಿ ಕೆಟ್ಟದ್ದನ್ನಷ್ಟೇ ಬದಲಿಸಿದರೂ ನಡೆಯುತ್ತದೆ.

ಸ್ಕ್ಯಾನರ್ (ಗಾಡಿಯ ದೋಷದ ಕೋಡ್ ಓದುವ ಸಾಧನ) ‘ಪಿ 0302’ ಎಂದು ತೋರಿಸಿದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಎಂಜಿನ್ ತಣ್ಣಗಿರುವಾಗ ಎರಡನೆಯ ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಗಾಡಿ ಓಡಿಸಿ. ಈಗ ‘ಪಿ 0303’ ಬಂದರೆ ದೋಷ ಕಾಯಿಲಿನದೇ. ‘ಪಿ 0302’ ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ವೈರಿಂಗ್ ನೋಡಿಸಬೇಕು. ಎಂಜಿನ್ ಓಡುವಾಗ ಒಂದೊಂದೇ ಕಾಯಿಲ್ ಕಿತ್ತು ನೋಡುವ ಹಳೆಯ ಪದ್ಧತಿ ಈಗಿನ ಗಾಡಿಗಳಿಗೆ ಬೇಡ.

ಕಾಯಿಲಿನ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೆ ವಿದ್ಯುತ್ ಅಲ್ಲಿಂದ ಸೋರುತ್ತಿದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಬುಡದಲ್ಲಿ ಕಂದು ಕಲೆ ಮಾತ್ರ ಇದ್ದರೆ ಗಾಬರಿ ಬೇಡ, ಅದು ಸಾಮಾನ್ಯ. ಕುಳಿಯಲ್ಲಿ ಎಣ್ಣೆ ನಿಂತಿದ್ದರೆ ಮಾತ್ರ ಮೊದಲು ಟ್ಯಾಪೆಟ್ ಕವರಿನ (ಎಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್ ಬದಲಿಸಿ. ಇಲ್ಲದಿದ್ದರೆ ಹೊಸ ಕಾಯಿಲೂ ಬೇಗ ಹೋಗುತ್ತದೆ.

ಪ್ರಶ್ನೆ: ಅಪ್ಪನ ಹಳೆಯ ಕಾರಿನಲ್ಲಿ ಒಂದೇ ಕಾಯಿಲ್ ಇದೆ. ಉಳಿದವು ಕಳೆದುಹೋಗಿವೆಯೇ? ನಮ್ಮ ಡೀಸೆಲ್ ಗಾಡಿಗೂ ಪ್ಲಗ್ ಬದಲಿಸಬೇಕೇ?
– ಓದುಗರು, ಅನ್ನೂರು

ಉತ್ತರ: ಏನೂ ಕಳೆದಿಲ್ಲ, ಸಮಾಧಾನವಾಗಿರಿ. ಹಿಂದೆ ಒಂದೇ ಕಾಯಿಲ್ ಇದ್ದು, ಡಿಸ್ಟ್ರಿಬ್ಯೂಟರ್ (ಸರದಿಯಂತೆ ಕಿಡಿ ಹಂಚುವ ಭಾಗ) ದಪ್ಪ ತಂತಿಗಳ ಮೂಲಕ ಪ್ಲಗ್ಗುಗಳಿಗೆ ವಿದ್ಯುತ್ ಕಳಿಸುತ್ತಿತ್ತು. ಆ ತಂತಿಗಳ ಕ್ರಮ ತಪ್ಪಿದರೆ ಎಂಜಿನ್ ಕೆಲಸ ಮಾಡದು. ಬಿಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಗಾಡಿಗಳ ಮೇಲೆ ಆಸಕ್ತಿಯಿದ್ದರೆ, ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲೇ ಇರುವ ಜೀಡೀ ಕಾರ್ ಮ್ಯೂಸಿಯಂಗೆ ಒಮ್ಮೆ ಅಪ್ಪನವರನ್ನು ಕರೆದುಕೊಂಡು ಹೋಗಿ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಅಲ್ಲಿ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದರಲ್ಲಿರುವುದು ಗ್ಲೋ ಪ್ಲಗ್ (ಚಳಿಯಲ್ಲಿ ಸ್ಟಾರ್ಟ್ ಆಗಲು ಬಿಸಿ ಕೊಡುವ ಕಡ್ಡಿ). ಅದು ಬಿಚ್ಚುವಾಗ ಹೆಡ್ಡಿನೊಳಗೇ ಮುರಿದುಕೊಳ್ಳುವುದುಂಟು. ಆ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ, ಅನುಭವಸ್ಥ ಮೆಕ್ಯಾನಿಕ್‌ಗೆ ಬಿಡಿ.