ಕಣಜದೊಳಗಿನ ಶೀಶೆ

ಶಿರಸಿಯಲ್ಲಿ ಕೂತು ಕಥೆ ಬರೆಯಲು ಹಿಡಿದು ಮೂವತ್ತು ವರ್ಷ ದಾಟಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಭಾನುವಾರ ಇಗರ್ಜಿ. ‘ಕ್ರೈಸ್ತ ಲೇಖಕರಾ ನೀವು?’ ಎಂದು ಯಾರಾದರೂ ಕೇಳಿದರೆ ಈಗ ಹೌದು ಎನ್ನುತ್ತೇನೆ. ಮೊದಲು ಮಾತು ಮರೆಸುತ್ತಿದ್ದೆ. ಈಗ ಬರೆಯಲು ಹೊರಟವರಿಗೆ, ನಾನು ಕಲಿತ ಐದು ಮಾತು.

1. ಪ್ರಾರ್ಥನೆಯ ಕನ್ನಡ ಇಗರ್ಜಿಯಲ್ಲೇ ಇರಲಿ.
ನನ್ನ ಮೊದಲ ಕಥೆಗಳಲ್ಲಿ ಯಲ್ಲಾಪುರದ ಸಂತೆಗೆ ಹೊರಟ ಹೆಂಗಸೂ ‘ಕರ್ತನೇ, ನನ್ನ ಮೊರೆಯನ್ನು ಆಲಿಸು’ ಎನ್ನುತ್ತಿದ್ದಳು. ‘ದೇವ್ರೇ, ಇನ್ನೆಂತ ಮಾಡೂದು’ ಎನ್ನುವುದು ಅವಳ ನಿಜವಾದ ಮೊರೆ. ಜರ್ಮನಿಯಿಂದ ಬಂದ ಕಿಟೆಲ್ 1894ರ ನಿಘಂಟಿಗೆ 32 ವರ್ಷ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ‘ಕಥಾಮಾಲೆ’ಯಲ್ಲಿ ಕನ್ನಡದ ಪದ್ಯವಾಗಿ ಕಟ್ಟಿದ್ದರು. ಇದೇ ಮಣ್ಣಿನ ನಾನು ಪ್ರಸಂಗದ ಪೀಠದಿಂದ ಕೆಳಗಿಳಿಯಲು ಹತ್ತು ವರ್ಷ ಬೇಕಾಯಿತು.

2. ನೆರೆಮನೆಯ ಕಷ್ಟವೂ ನಿಮ್ಮದೇ ವಸ್ತು.
ಸಿದ್ದಾಪುರದಿಂದ ತಾಳಗುಪ್ಪ ದಾಟಿದರೆ ಸಾಗರ, ನಾ. ಡಿಸೋಜ ಅವರ ಊರು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಶರಾವತಿಯ ಮುಳುಗಡೆಯನ್ನು ಕಂಡವರು. ‘ದ್ವೀಪ’ ಕಾದಂಬರಿಯ ಗಣಪಯ್ಯನ ಸಂಕಟ ಬರೆಯುವಾಗ ಅವನು ಯಾವ ದೇವರಿಗೆ ದೀಪ ಹಚ್ಚುತ್ತಾನೆ ಎಂಬುದು ಅವರಿಗೆ ಅಡ್ಡ ಬರಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಜಪಸರ ಹಿಡಿದು ಕೂತೆ, ಬಾಯಿಗೆ ಜಪ ಬರಲಿಲ್ಲ.

3. ಜಾತ್ರೆಗೆ ಹೋಗಿ.
ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ಮಾರಿಕಾಂಬೆ ಕೂತಾಗ ಶಿರಸಿಯ ಅರ್ಧ ಕಥೆಗಳು ಅಲ್ಲೇ ಓಡಾಡುತ್ತಿರುತ್ತವೆ. ‘ಅದೆಲ್ಲ ನಮಗ್ಯಾಕೆ?’ ಎಂದು ಹಿರಿಯರೊಬ್ಬರು ಗದರಿದ್ದರು. ಬಳೆ ಅಂಗಡಿಯ ಮುಂದೆ ಅವರೇ ಎದುರಾದರು.

4. ಪ್ರಾರ್ಥನೆಯೂ ಬಾರದ, ಬರವಣಿಗೆಯೂ ಬಾರದ ತಿಂಗಳುಗಳು ಇರುತ್ತವೆ.
ಅಜ್ಜಿ ಸಿದ್ದಾಪುರದ ಕಡೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಚೊಗರು ಹತ್ತಿ ಕಪ್ಪಾದ ಬೆರಳು, ಎಷ್ಟು ತಿಕ್ಕಿದರೂ ಹೋಗದು. ರಾತ್ರಿ ಜಪಸರ ಹಿಡಿದು ತೇರ್ಸ್ ಹೇಳುವಾಗ ತೂಕಡಿಸಿ ಮೂರನೆಯ ಮಣಿಯಲ್ಲೋ ನಾಲ್ಕನೆಯದರಲ್ಲೋ ನಿಂತುಬಿಡುವಳು. ನಾವು ಮಕ್ಕಳು ಹತ್ತು ಮುಗಿಸುತ್ತಿದ್ದೆವು. ಕಣ್ಣು ಬಿಟ್ಟವಳು ನಾವಿದ್ದಲ್ಲಿಂದಲೇ ಸೇರಿಕೊಳ್ಳುವಳು, ಬಿಟ್ಟುಹೋದದ್ದನ್ನು ಮತ್ತೆ ಹೇಳುತ್ತಿರಲಿಲ್ಲ. ನನಗೆ ಬರೆಯಲಾಗದ ದಿನಗಳಲ್ಲಿ ಬೇರೆಯವರು ಬರೆದದ್ದನ್ನು ಓದುತ್ತೇನೆ. ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಉಳಿದವರು ಹಾಡುವುದನ್ನು ಕೇಳುತ್ತೇನೆ.

5. ಪಾಪನಿವೇದನೆಗೆ ಕೂತವನು ತನ್ನದನ್ನು ಮಾತ್ರ ಹೇಳಬೇಕು.
ಎಳೆಯನಿದ್ದಾಗ ಅಣ್ಣ ಮಾಡಿದ್ದನ್ನು ಹೇಳಹೊರಟರೆ ಫಾದರ್ ತಡೆಯುತ್ತಿದ್ದರು: ‘ಅವನದು ಅವನು ಹೇಳ್ತಾನೆ, ನಿನ್ನದು ಹೇಳು.’ ಕಥೆ ಬರೆಯುವಾಗ ಹೀಗೆ ತಡೆಯುವವರು ಯಾರೂ ಇರುವುದಿಲ್ಲ. ಭಾವನ ಕುಡಿತವನ್ನು ಕಥೆ ಮಾಡಿದೆ. ಹೆಸರು ಬದಲಾಯಿಸಿದ್ದೆ, ಊರನ್ನೂ ಸಿದ್ದಾಪುರದಿಂದ ಯಲ್ಲಾಪುರಕ್ಕೆ ಸಾಗಿಸಿದ್ದೆ. ಭತ್ತದ ಕಣಜದಲ್ಲಿ ಹೂತಿಡುತ್ತಿದ್ದ ಶೀಶೆಯನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೆ. ಕಥೆ ಮೆಚ್ಚಿಕೊಂಡವರೆಲ್ಲ ಹೊಗಳಿದ್ದು ಅದನ್ನೇ. ಅಕ್ಕ ಎರಡು ವರ್ಷ ಮಾತು ಬಿಟ್ಟಳು.

ಅವಳ ಸಿಟ್ಟಿಗಿಂತ ಹೆಚ್ಚು ಚುಚ್ಚಿದ್ದು, ಹಸ್ತಪ್ರತಿಯನ್ನು ಮತ್ತೆ ಓದಿದಾಗ ಕಣ್ಣಿಗೆ ಬಿದ್ದ ಒಂದು ಸುಳ್ಳು. ಆ ಶೀಶೆ ತಂದುಕೊಡುತ್ತಿದ್ದವನು ನಾನು. ಭಾವ ಕೈಗಿಡುತ್ತಿದ್ದ ಚಿಲ್ಲರೆಯ ಆಸೆಗೆ. ಕಥೆಯಲ್ಲಿ ಆ ಹುಡುಗ ಎಲ್ಲೂ ಇರಲಿಲ್ಲ.

ಸಂಕಲನಕ್ಕೆ ಕೊಡುವ ಮೊದಲು ಹುಡುಗನನ್ನು ಸೇರಿಸಿ, ಅವನ ಬಾಯಲ್ಲೇ ಇಡೀ ಕಥೆ ಹೇಳಿಸಿ, ಅಚ್ಚಿಗೆ ಹೋಗುವ ಮುಂಚೆ ಅಕ್ಕನಿಗೆ ಓದಲು ಕೊಟ್ಟೆ. ಅಂದು ಸೆಪ್ಟೆಂಬರ್ 8, ಹೊಸ ತೆನೆಯ ಮೊಂತಿ ಹಬ್ಬ. ಇಗರ್ಜಿಯಿಂದ ತಂದ ತೆನೆ ದೇವರ ಪಟದ ಹತ್ತಿರ ಇತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೂರ್ತಿ ಓದಿದಳು.

‘ಶೀಶೆ ತೆಗೀಲೇ ಇಲ್ಲ ನೀನು’ ಅಂದಳು.

‘ತೆಗೀಲಾ?’

‘ಇರ್ಲಿ. ತಂದವ ಯಾರು ಅಂತ ಈಗ ಗೊತ್ತಾಯ್ತಲ್ಲ’ ಎಂದು ಎದ್ದು ಹೊಸ ಅಕ್ಕಿಯ ಅನ್ನ ಬಡಿಸಲು ಹೋದಳು.