ನೆರೆಯವರ ವಿಷಯದಲ್ಲಿ ಎಳೆಯರ ಮನೋಭಾವ

ಅಲ್ಪಸಂಖ್ಯಾತರಾಗಿ ನೊಂದವರ ಮಕ್ಕಳು, ಹೊರನಾಡಿನಿಂದ ಬಂದು ತಮ್ಮಂತೆಯೇ ಕಷ್ಟಪಡುವವರನ್ನು ಸಹಜವಾಗಿಯೇ ಪ್ರೀತಿಸುವರೆಂದು, ಸಮಾರ್ಯದವನ ಸಾಮ್ಯವನ್ನು ಬಾಲ್ಯದಿಂದ ಕೇಳಿದ ನಾವು ಎಣಿಸುತ್ತೇವೆ. ಅಮೇರಿಕಾದ ಲಾಸ್ ಏಂಜಲೀಸ್ ನಗರದ ಅನುಭವವು ಹಾಗೆ ಹೇಳುವುದಿಲ್ಲ.

ಅದರ ದಕ್ಷಿಣದ ಕೇರಿಗಳಲ್ಲಿದ್ದ ಕಪ್ಪು ಜನಾಂಗದವರಲ್ಲಿ ಅನೇಕರ ಹಿರಿಯರು, ದಕ್ಷಿಣ ಸಂಸ್ಥಾನಗಳ ಅನ್ಯಾಯವನ್ನು ತಾಳಲಾರದೆ ಅಲ್ಲಿಗೆ ಬಂದವರು. 1965ರ ವಲಸೆಯ ಕಾನೂನಾದ ಮೇಲೆ ಕೊರಿಯಾದವರು ಹೆಚ್ಚಾಗಿ ಬಂದರು. ಇವರಲ್ಲಿ ಕಾಲೇಜಿನಲ್ಲಿ ಓದಿದವರೂ ಇದ್ದರು. ಇಂಗ್ಲಿಷ್ ನಾಲಗೆಗೆ ಒಗ್ಗದೆ, ತಕ್ಕ ಕೆಲಸ ದೊರೆಯದೆ, ದೊಡ್ಡ ವರ್ತಕರು ಬಿಟ್ಟುಹೋಗಿದ್ದ ಕೇರಿಗಳಲ್ಲಿ ಸಣ್ಣ ಅಂಗಡಿಗಳನ್ನಿಟ್ಟು ಮನೆಮಂದಿಯೆಲ್ಲ ದುಡಿದರು. ಶಾಲೆಯಿಂದ ಬಂದ ಮಗಳು ತಾಯಿತಂದೆಗಳಿಗೆ ದುಭಾಷಿಯಾಗಿ ಕಟ್ಟೆಯ ಹಿಂದೆ ನಿಲ್ಲುವಳು. ಅವಳ ವಯಸ್ಸಿನವಳೇ ಆದ ಮತ್ತೊಬ್ಬಳು ಕಟ್ಟೆಯ ಮುಂದೆ ನಿಂತು, ತನ್ನ ಕೈಗಳ ಮೇಲೆಯೇ ನೆಟ್ಟಿರುವ ಕಣ್ಣುಗಳನ್ನು ಕಾಣುವಳು. ಒಬ್ಬಳಿಗೆ ಗಿರಾಕಿಯೆಂದರೆ ಕಳವಿನ ಭಯ. ಮತ್ತೊಬ್ಬಳಿಗೆ ಅಂಗಡಿಯವರೆಂದರೆ ತಮ್ಮ ಹಣವನ್ನು ಬಯಸಿ ತಮ್ಮನ್ನು ಬಯಸದವರು. ದಿನವೂ ಭೇಟಿಯಾಗುವರು, ಪರಿಚಯವಾಗದು. (ಜನರು ಒಬ್ಬರನ್ನೊಬ್ಬರು ಕಂಡರೆ ಸಾಕು, ದ್ವೇಷ ಕರಗುವುದೆಂದು ನಮ್ಮ ಸಭೆಗಳಲ್ಲಿ ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ!)

1991ನೆಯ ಮಾರ್ಚಿ 16ರಂದು ಇಂತಹ ಒಂದು ಅಂಗಡಿಗೆ 15 ವರ್ಷದ ಕಪ್ಪು ಬಾಲಿಕೆಯೊಬ್ಬಳು ಒಂದು ಸೀಸೆ ಕಿತ್ತಳೆರಸಕ್ಕಾಗಿ ಬಂದಳು. ಕದಿಯುತ್ತಿರುವಳೆಂದು ಅಂಗಡಿಯಾಕೆ ಸಂಶಯಪಟ್ಟಳು, ಜಗಳವಾಯಿತು, ಹಿಂತಿರುಗಿ ಹೊರಟ ಹುಡುಗಿಯು ಗುಂಡೇಟಿಗೆ ಸತ್ತಳು. ಅವಳ ಕೈಯಲ್ಲಿ 2 ಡಾಲರು ಇತ್ತು. ಅಂಗಡಿಯಾಕೆಯು ಅಪರಾಧಿಯೆಂದು ತೀರ್ಮಾನವಾದರೂ ಅವಳನ್ನು ಸೆರೆಮನೆಗೆ ಕಳುಹಿಸಲಿಲ್ಲ. ಮರುವರ್ಷ ಏಪ್ರಿಲ್ 29ರಂದು, ಕಪ್ಪು ಮನುಷ್ಯನೊಬ್ಬನನ್ನು ಥಳಿಸಿದ ನಾಲ್ವರು ಪೋಲೀಸರು ಶಿಕ್ಷೆಯಿಲ್ಲದೆ ಹೊರಬಂದಾಗ ನಗರದಲ್ಲಿ ದಂಗೆಯೆದ್ದಿತು. 50ಕ್ಕೂ ಹೆಚ್ಚು ಮಂದಿ ಸತ್ತರು. ಕೊರಿಯಾದವರ 2,000ಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು, ಇಲ್ಲವೆ ಸೂರೆಯಾದವು. ಥಳಿಸಿದ ಆ ಪೋಲೀಸರಲ್ಲಿ ಕೊರಿಯಾದವನು ಒಬ್ಬನೂ ಇರಲಿಲ್ಲ. ದೂರದಲ್ಲಿರುವ ಬಲಶಾಲಿಗಳ ಮೇಲಿನ ಕೋಪವು ಕೈಗೆಟುಕಿದ ನೆರೆಯವನ ಮೇಲೆ ಬಿದ್ದಿತು.

ಸಮಾನಸ್ಥಾನದಲ್ಲಿ ನಿಂತು, ಒಂದೇ ಗುರಿಗಾಗಿ ಕೂಡಿ ದುಡಿದು, ಅಧಿಕಾರದಲ್ಲಿರುವವರ ಬೆಂಬಲವನ್ನೂ ಪಡೆದಾಗಲೇ ಒಡನಾಟವು ದುರಭಿಪ್ರಾಯವನ್ನು ತಗ್ಗಿಸುವುದೆಂದು ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟರು 1954ರಲ್ಲಿಯೇ ಬರೆದಿದ್ದರು. ಅಂಗಡಿಯ ಕಟ್ಟೆಯ ಬಳಿ ಇವುಗಳಲ್ಲಿ ಯಾವುದಿತ್ತು?

ಕೊರಿಯಾದವರು ಆ ದಂಗೆಯನ್ನು ತಾರೀಖಿನಿಂದಲೇ ‘ಸ-ಇ-ಗು’, ಎಂದರೆ ನಾಲ್ಕು-ಎರಡು-ಒಂಬತ್ತು, ಎಂದು ಕರೆಯುತ್ತಾರೆ. ಆ ಮೇಲೆ ಹುಟ್ಟಿದ ಮಕ್ಕಳು ಕಟ್ಟೆಯನ್ನಾಗಲಿ ಬೆಂಕಿಯನ್ನಾಗಲಿ ಕಂಡವರಲ್ಲ. ಒಂದು ಮನೆಯಲ್ಲಿ ಅವರು ಕೇಳುವುದು ಆ ತಾರೀಖಿನ ಕಥೆ. ಮತ್ತೊಂದು ಮನೆಯಲ್ಲಿ ಕಿತ್ತಳೆರಸಕ್ಕೆ ಹೋದ ಹುಡುಗಿಯ ಕಥೆ.