ಪಾಸ್ ಕೊಡುವ ಮಗಳು

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಬಡಾವಣೆಯ ಪಾರ್ಕಿನ ಕೋರ್ಟಿನಲ್ಲಿ ದಿನಾ ಸಂಜೆ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಅಲ್ಲಿನ ಮಕ್ಕಳಲ್ಲೆಲ್ಲ ಅವಳದ್ದೇ ಒಳ್ಳೆಯ ಗುರಿ. ಆದರೆ ಬಾಲ್ ಸಿಕ್ಕಿದ ಕೂಡಲೇ ಬೇರೆಯವರಿಗೆ ಕೊಟ್ಟುಬಿಡುತ್ತಾಳೆ. ಅವರು ಹಾಕಲಾರದೆ ತಂಡ ಸೋಲುತ್ತದೆ. ‘ನೀನೇ ಹಾಕೇ’ ಎಂದು ನಾನು ಹೊರಗಿನಿಂದ ಎಷ್ಟು ಕೂಗಿದರೂ ಕೇಳುವುದಿಲ್ಲ. ಮನೆಗೆ ಬರುವ ದಾರಿಯಲ್ಲೂ ಬುದ್ಧಿ ಹೇಳುತ್ತೇನೆ. ಈಚೆಗೆ ಮಾತೇ ಆಡುವುದಿಲ್ಲ. ಇಷ್ಟು ಮೆದುವಾದರೆ ನಾಳೆ ಜನ ತುಳಿದುಕೊಂಡು ಹೋಗುತ್ತಾರೆ ಎಂಬ ಭಯ ನನಗೆ. ಅವಳ ಶ್ರಮದ ಫಲ ಅವಳಿಗೇ ಸಿಗುವಂಥ ಬ್ಯಾಡ್ಮಿಂಟನ್‌ಗೆ ಸೇರಿಸಿಬಿಡಲೇ?
– ಒಬ್ಬ ತಂದೆ, ಮೈಸೂರು

ಉತ್ತರ: ಆತುರ ಬೇಡ ಸರ್. ಒಂದು ವಾರ ಏನೂ ಹೇಳದೆ ಅವಳ ಆಟ ನೋಡಿ. ಅವಳು ಬಾಲ್ ಕೊಡುವುದು ಯಾವಾಗ ಎಂಬುದನ್ನಷ್ಟೇ ಗಮನಿಸಿ. ಇಬ್ಬರು ಬಂದು ಅಡ್ಡ ನಿಂತಾಗ, ರಿಂಗ್ ಹತ್ತಿರ ಗೆಳತಿಯೊಬ್ಬಳು ಯಾರ ಕಾವಲೂ ಇಲ್ಲದೆ ನಿಂತಿರುವಾಗ ಕೊಡುತ್ತಿದ್ದರೆ ಅದು ಆಟದ ಬುದ್ಧಿ. ರಿಂಗ್ ಕೆಳಗೆ ತಾನೊಬ್ಬಳೇ ಇದ್ದು, ತಡೆಯುವವರು ಯಾರೂ ಇಲ್ಲದಾಗಲೂ ದಾಟಿಸಿಬಿಡುತ್ತಿದ್ದರೆ ಒಳಗೆ ಭಯವಿದೆ. ಗುರಿ ತಪ್ಪಿದರೆ ಯಾರೋ ಬೈಯುತ್ತಾರೆಂಬ ಭಯ. ಬೇಸರ ಮಾಡಿಕೊಳ್ಳಬೇಡಿ, ಆ ಯಾರೋ ನೀವೇ ಇರಬಹುದು. ಹಾಗಿದ್ದರೆ ಬೆಳಿಗ್ಗೆ ಕೋರ್ಟ್ ಖಾಲಿ ಇರುವಾಗ ಅವಳ ಜೊತೆ ನೀವೂ ಬಾಲ್ ಎಸೆಯಿರಿ. ನಿಮ್ಮ ಗುರಿ ತಪ್ಪುವುದನ್ನೂ ಅವಳು ನೋಡಲಿ.

ನನಗನ್ನಿಸುವುದು ಮೊದಲನೆಯದೇ ಇರಬೇಕೆಂದು. ಅಪ್ಪ ಹೊರಗೆ ನಿಂತು ಕೂಗುತ್ತಿದ್ದರೂ ತನಗೆ ಸರಿ ಕಂಡದ್ದನ್ನೇ ಮಾಡುವ ಹುಡುಗಿ ಮೆದು ಹೇಗಾದಾಳು?

ಈ ಆಟ ಶುರುವಾಗಿದ್ದೇ ಪಾಸಿನ ಮೇಲೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಿಸಬಹುದಾದ, ಒರಟುತನಕ್ಕೆ ಎಡೆಯಿಲ್ಲದ ಆಟವೊಂದನ್ನು ಹುಡುಕುತ್ತಿದ್ದರು. ಬಾಲ್ ಹಿಡಿದು ಓಡುವವನನ್ನು ಕೆಡವುವುದರಿಂದಲೇ ಪೆಟ್ಟಾಗುವುದೆಂದು ಓಡುವುದನ್ನೇ ನಿಷೇಧಿಸಿದರು. ಅವರು ಬರೆದ 13 ನಿಯಮಗಳಲ್ಲಿ ಡ್ರಿಬ್ಲಿಂಗ್ ಪ್ರಸ್ತಾಪವೇ ಇಲ್ಲ. ಹಿಡಿದ ಜಾಗದಿಂದಲೇ ಎಸೆಯಬೇಕು. ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, ಒಂದೊಂದು ಕಡೆ 9 ಜನ ನಿಂತು ಆಡಿದ ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಒಂದು ಗೋಲು. ಇವತ್ತಿಗೂ ದೊಡ್ಡ ಪಂದ್ಯಗಳಲ್ಲಿ, ಬುಟ್ಟಿಗೆ ಹಾಕಿದವರ ಅಂಕದ ಜೊತೆಗೆ ಆ ಬಾಲ್ ಒದಗಿಸಿದವರ ಹೆಸರಿನಲ್ಲೂ ‘ಅಸಿಸ್ಟ್’ ಎಂದು ಬರೆದಿಡುತ್ತಾರೆ. ‘ಎಷ್ಟು ಹಾಕಿದೆ’ ಎಂದಷ್ಟೇ ಕೇಳುವವರು ನಾವು, ಮನೆಯವರು.

ಇನ್ನು ಉಳಿದ ಮಕ್ಕಳ ವಿಚಾರ. ಅವರು ಹಾಕಲಾರರು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಪಾರ್ಕಿನ ರಿಂಗ್ ಎಷ್ಟು ಎತ್ತರದಲ್ಲಿದೆ, ನೋಡಿದ್ದೀರಾ? ದೊಡ್ಡವರ ರಿಂಗ್ ನೆಲದಿಂದ 3.05 ಮೀಟರ್ ಮೇಲಿರುತ್ತದೆ. ಚಿಕ್ಕ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು 2.60 ಮೀಟರ್, ಬಾಲ್ ಕೂಡ ಹಗುರ, 5ನೇ ಸೈಜಿನದು. ದೊಡ್ಡವರ ರಿಂಗಿಗೆ ದೊಡ್ಡವರ ಬಾಲ್ ಎಸೆದು ಎಸೆದು ಸೋತ ಮಗು, ತನ್ನ ಕೈಲೇ ಆಗುವುದಿಲ್ಲ ಅಂದುಕೊಳ್ಳುತ್ತದೆ. ಬಡಾವಣೆಯ ಸಂಘದವರ ಜೊತೆ ಮಾತಾಡಿ ತಗ್ಗಿನದೊಂದು ರಿಂಗ್ ಹಾಕಿಸಿ. ಸರಿಯಾದ ಬಾಲ್ ತಂದುಕೊಡಿ. ನಿಮ್ಮ ಮಗಳು ಕೊಟ್ಟ ಪಾಸುಗಳಲ್ಲಿ ಎಷ್ಟೋ ಆಗ ಅಂಕಗಳಾಗುತ್ತವೆ.

ಮೂರು ಮೂರು ಜನರ ಆಟವನ್ನೂ ಆಡಲಿ. ಅರ್ಧ ಕೋರ್ಟ್, ಒಂದೇ ರಿಂಗ್, 10 ನಿಮಿಷ ಅಥವಾ 21 ಅಂಕ. ಅಷ್ಟು ಕಡಿಮೆ ಜನರಿರುವಾಗ ಯಾವ ಮಗುವೂ ಮೂಲೆ ಹಿಡಿದು ನಿಲ್ಲಲಾಗದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿತು. ಅಲ್ಲಿ ಕೋಚ್‌ಗಳಿಗೂ ಕೋರ್ಟಿನ ಪಕ್ಕ ನಿಂತು ಹೇಳಿಕೊಡುವ ಅವಕಾಶವಿರಲಿಲ್ಲ. ನೀವೂ ಆ ನಿಯಮ ಪಾಲಿಸಿ.

ನನ್ನನ್ನು ನಿಜವಾಗಿ ಕಾಡಿದ್ದು ನಿಮ್ಮ ಮಗಳು ದಾರಿಯಲ್ಲಿ ಮಾತು ಬಿಟ್ಟದ್ದು. ಜನ ತುಳಿಯುತ್ತಾರೆಂದು ಹೆದರುತ್ತೀರಿ. ಹಾಗೇನಾದರೂ ಆದ ದಿನ ಅವಳು ಬಂದು ಹೇಳಬೇಕಾದ್ದು ನಿಮಗೆ. ಇವತ್ತು ಆಟದ ಸುದ್ದಿಯನ್ನೇ ಹೇಳದವಳು ಅದನ್ನು ಹೇಳುತ್ತಾಳೆಯೇ? ಕೆಲವು ದಿನ ಸುಮ್ಮನೆ ಜೊತೆಗೆ ನಡೆದು ಬನ್ನಿ. ಆಮೇಲೆ, ಅವಳು ಕೊಟ್ಟ ಒಂದು ಒಳ್ಳೆಯ ಪಾಸನ್ನು ನೆನಪಿಟ್ಟುಕೊಂಡು, ‘ಅವಳು ಅಲ್ಲಿ ನಿಂತಿದ್ದು ನಿನಗೆ ಹೇಗೆ ಕಾಣಿಸಿತು?’ ಎಂದು ಕೇಳಿ. ಕೇಳುವಾಗ ನಿಮಗೆ ಉತ್ತರ ನಿಜವಾಗಿಯೂ ಬೇಕಾಗಿರಲಿ.

ಬ್ಯಾಡ್ಮಿಂಟನ್ ಒಳ್ಳೆಯ ಆಟ. ಅವಳೇ ಇಷ್ಟಪಟ್ಟು ಕೇಳಿದರೆ ಖಂಡಿತ ಸೇರಿಸಿ, ಪಾರ್ಕಿನ ತಂಡವನ್ನು ಬಿಡಿಸದೆ.